ಭಾಗಾಕಾರದಲ್ಲಿ ಕಾಣುವುದು

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಬೆಳಗಾದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಒಂದು ಮನೆಯ ವಿದ್ಯುತ್ ಮಗ್ಗ ಸದ್ದು ಮಾಡುತ್ತದೆ. ಅದರ ಬೆನ್ನಿಗೆ ಎದುರುಮನೆಯದು. ತುಸು ಹೊತ್ತಿನಲ್ಲಿ ಬೀದಿಯೆಲ್ಲ ಲಾಳಿಯ ಲಯ. ಅದೇ ಹೊತ್ತಿಗೆ ಬಚ್ಚಲಿನ ಹಳದಿ ಬಲ್ಬು ಮಂಕಾಗುತ್ತದೆ. ಬಕೆಟ್ಟಿಗೆ ಇಳಿಬಿಟ್ಟ ಕಾಯಿಲ್ ಎಷ್ಟು ಹೊತ್ತಾದರೂ ನೀರು ಕಾಯಿಸುವುದಿಲ್ಲ. ಸ್ವಿಚ್ ಆರಿಸಿ ಬೆರಳದ್ದಿ ನೋಡುತ್ತೇವೆ. ನೀರು ಇನ್ನೂ ಉಗುರುಬೆಚ್ಚಗಿದೆ. ಕಾಯಿಲ್ ಹಳತಾಯಿತು, ಬದಲಾಯಿಸಬೇಕು ಎಂದುಕೊಳ್ಳುತ್ತೇವೆ.

ಹೀಗೆಯೇ ಒಂದು ಮುಂಜಾನೆ ವೈರಿಂಗ್ ಕೆಲಸದ ಹುಡುಗ ಮೀಟರ್ ಹಿಡಿದು ನೋಡಿ ಎರಡು ಅಂಕಿ ಹೇಳಿದ. ವೋಲ್ಟೇಜ್, ಅಂದರೆ ಒತ್ತಡ, 190; ಕರೆಂಟು, ಅಂದರೆ ಪ್ರವಾಹ, 3.6 ಆಂಪಿಯರ್. ‘ಕಾಯಿಲ್ ಚೆನ್ನಾಗೈತೆ ಕಣಕ್ಕ, ವೋಲ್ಟೇಜೇ ಇಲ್ಲ’ ಎಂದ. ಆ ಮಾತಿನ ಹಿಂದಿರುವುದು ಶಾಲೆಯಲ್ಲಿ ನಾವೆಲ್ಲ ಕಲಿತು ಮರೆತ ಲೆಕ್ಕ. ಕಾಯಿಲಿನ ಮೇಲೆ 230 ವೋಲ್ಟ್, 1000 ವಾಟ್ ಎಂದು ಬರೆದಿದೆ. ಅಂದರೆ ಪೂರ್ಣ ಒತ್ತಡದಲ್ಲಿ ಅದರೊಳಗೆ ಹರಿಯಬೇಕಾದದ್ದು ಸುಮಾರು 4.35 ಆಂಪಿಯರ್. 230ನ್ನು 4.35ರಿಂದ ಭಾಗಿಸಿದರೆ ಬರುವ ರೋಧ 53 ಓಮ್. ಆ ಮುಂಜಾನೆಯ 190ನ್ನು 3.6ರಿಂದ ಭಾಗಿಸಿದರೂ ಅದೇ 53. ಕಾಯಿಲ್ ಎಳ್ಳಷ್ಟೂ ಬದಲಾಗಿರಲಿಲ್ಲ. ಆದರೆ ಅವೇ ಎರಡು ಅಂಕಿಗಳನ್ನು ಗುಣಿಸಿದರೆ ಬರುವ ಸಾಮರ್ಥ್ಯ 684 ವಾಟ್ ಮಾತ್ರ. ಒತ್ತಡ ಕುಗ್ಗಿದ್ದು ಸುಮಾರು ಆರರಲ್ಲಿ ಒಂದು ಪಾಲು. ಸಾಮರ್ಥ್ಯ ಕುಗ್ಗಿದ್ದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಒತ್ತಡ ಇಳಿದಾಗ ಪ್ರವಾಹವೂ ಇಳಿಯುತ್ತದೆ. ಗುಣಾಕಾರದಲ್ಲಿ ಎರಡು ಇಳಿತಗಳೂ ಸೇರುತ್ತವೆ. 21 ನಿಮಿಷದಲ್ಲಿ ಕಾಯುವ ಬಕೆಟ್ ನೀರಿಗೆ ಅರ್ಧ ಗಂಟೆ ಹಿಡಿಯುವುದು ಇದರಿಂದಲೇ.

ಅಂಕಿಗಳು ಎರಡೇ. ಭಾಗಿಸಿದರೆ ಸ್ವಭಾವ, ಗುಣಿಸಿದರೆ ಸಾಧನೆ. ನಮ್ಮ ಕಣ್ಣಿಗೆ ಬೀಳುವುದು ಗುಣಲಬ್ಧ ಮಾತ್ರ. ನೀರು ಕಾಯಲಿಲ್ಲ. ಮನುಷ್ಯರಲ್ಲೂ ಹಾಗೆಯೇ: ಪರೀಕ್ಷೆಯಲ್ಲಿ ಅಂಕ ಬರಲಿಲ್ಲ, ಕೆಲಸ ಮುಗಿಯಲಿಲ್ಲ. ಅದನ್ನು ಕಂಡು ಒಳಗಿನ ಲೋಹವೇ ಕೆಟ್ಟಿತೆಂದು ತೀರ್ಮಾನಿಸುತ್ತೇವೆ. ಆ ಜೀವಕ್ಕೆ ತಲುಪಿದ್ದೆಷ್ಟು ಎಂಬ ಇನ್ನೊಂದು ಅಂಕಿಯನ್ನು ಕೇಳುವ ವ್ಯವಧಾನ ನಮಗೆ ಸದಾ ಇರುವುದಿಲ್ಲ. ಮಂದವಾಗಿ ಉರಿಯುವ ಎಷ್ಟೋ ಮನಸ್ಸುಗಳು ಒಳಗೆ ಅಕ್ಷತವಾಗಿಯೇ ಇರುತ್ತವೆ.

ರೋಧವನ್ನು ಮೊದಲು ಹೀಗೆ ಅನುಪಾತವಾಗಿ ಕಂಡವರು ಗೇಯೋರ್ಗ್ ಸೈಮನ್ ಓಮ್. ಬೀಗ ಮಾಡುವವರ ಮಗ. ಕಲೋನ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯ. ಅವರ ಪ್ರಯೋಗದ ಒಂದು ವಿವರ ನಿಯಮಕ್ಕಿಂತಲೂ ಹೆಚ್ಚಾಗಿ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಮೊದಮೊದಲು ಅವರು ಬಳಸಿದ್ದು ರಾಸಾಯನಿಕ ಕೋಶಗಳನ್ನು. ಅಳೆಯುತ್ತಿರುವಾಗಲೇ ಅವುಗಳ ಬಲ ಕುಸಿಯುತ್ತಿತ್ತು. ತಂತಿಯ ಗುಣ ಯಾವುದು, ಕೋಶದ ಆಯಾಸ ಯಾವುದು ಎಂದು ಬೇರ್ಪಡಿಸಲಾಗುತ್ತಿರಲಿಲ್ಲ. ಕೊನೆಗೆ ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜಿನಲ್ಲೂ ಇರಿಸಿದರು. ನೀರು ಕುದಿಯುವ ಬಿಂದು, ಮಂಜು ಕರಗುವ ಬಿಂದು ಎರಡೂ ಸ್ಥಿರ. ಆದ್ದರಿಂದ ಅವುಗಳ ನಡುವೆ ಹುಟ್ಟಿದ ಒತ್ತಡವೂ ಸ್ಥಿರ. ಆಗಷ್ಟೇ ತಂತಿ ತನ್ನ ನಿಜವನ್ನು ಬಿಟ್ಟುಕೊಟ್ಟಿತು. ನಾವೂ ದಿನವಿಡೀ ಪರರ ರೋಧವನ್ನು ಅಳೆಯುತ್ತೇವೆ. ಇವರು ಹಟಮಾರಿ, ಅವರು ಜಡ ಎನ್ನುತ್ತೇವೆ. ಬೆಳಗಿನ ನಮ್ಮ ಪ್ರೀತಿ ಸಂಜೆಗೆ ಬಳಲಿರುತ್ತದೆ. ಆ ಬಳಲಿಕೆಯೂ ಅವರ ಲೆಕ್ಕಕ್ಕೇ ಸೇರಿಹೋಗುತ್ತದೆ. ಓಮ್ ಅವರ ಗ್ರಂಥ ಬಂದದ್ದು 1827ರಲ್ಲಿ. ದೊರೆತದ್ದು ಉಪೇಕ್ಷೆ, ಅವರು ಕೆಲಸವನ್ನೂ ಬಿಟ್ಟರು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವಿತ್ತು ಗೌರವಿಸಿದ್ದು 1841ರಲ್ಲಿ.

ಹಾಗಾದರೆ 230ರಲ್ಲಿ ಬಚ್ಚಲಿಗೆ ತಲುಪದ ಆ 40 ವೋಲ್ಟ್ ಎಲ್ಲಿ ಹೋಯಿತು? ದಾರಿಯಲ್ಲಿ. ತಂತಿಗೂ ರೋಧವಿದೆ. ಕಂಬದಿಂದ ಬೀದಿಯ ಕೊನೆಯವರೆಗೆ ಅದು ಅರ್ಧ ಓಮ್ ಎಂದುಕೊಳ್ಳೋಣ. ಮಗ್ಗಗಳೆಲ್ಲ ಸೇರಿ 80 ಆಂಪಿಯರ್ ಎಳೆದರೆ 40 ವೋಲ್ಟ್ ತಂತಿಯಲ್ಲೇ ಕರಗುತ್ತದೆ. ಹೀಗೆ ಬಿಸಿಯಾಗಿ ಕಳೆಯುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಕಳಿಸಿದವರು ಒತ್ತಡವನ್ನು ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿ ಪ್ರವಾಹವನ್ನು ಕಿರಿದಾಗಿಸಿದ್ದು ಈ ಕಾರಣಕ್ಕೆ. ನಮ್ಮ ನೆಲಮಂಗಲದ ಕೇಂದ್ರಕ್ಕೆ ಇಂದು 4 ಲಕ್ಷ ವೋಲ್ಟ್‌ನಲ್ಲಿ ವಿದ್ಯುತ್ ಬರುವುದೂ ಇದಕ್ಕೇ. ಅಷ್ಟು ದೂರವನ್ನು ಅಲ್ಪ ನಷ್ಟದಲ್ಲಿ ದಾಟಿ ಬಂದದ್ದು ಬೀದಿಯ ಕೊನೆಯ ಕೆಲವು ಮಾರುಗಳಲ್ಲಿ ಸೋಲುತ್ತದೆ.

ಸೋಲಿಸಿದವರು ಯಾರು? ಯಾರೂ ಅಲ್ಲ, ಎಲ್ಲರೂ. ಮಗ್ಗದ ಮೋಟಾರಿಗೆ ಒತ್ತಡ ಕಡಿಮೆಯಾದರೆ, ಅದು ಹಿಡಿದ ಕೆಲಸ ಬಿಡಲಾರದೆ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ತಾನೂ ಬಿಸಿಯಾಗುತ್ತದೆ, ಬೀದಿಯ ಒತ್ತಡವನ್ನೂ ಇನ್ನಷ್ಟು ಇಳಿಸುತ್ತದೆ. ಅದರಲ್ಲಿ ದುರಾಸೆಯಿಲ್ಲ. ಮುಗಿಸಬೇಕಾದ ಸೀರೆಯಿದೆ, ತೀರಿಸಬೇಕಾದ ಸಾಲವಿದೆ. ಎದುರುಮನೆಯ ಬಲ್ಬು ನಮ್ಮ ಮಗ್ಗದಿಂದ ಮಂಕಾಗುತ್ತದೆ, ನಮ್ಮದು ಅವರದರಿಂದ. ಹಾಸುಹೊಕ್ಕಿನಂತೆ ಹೆಣೆದ ಈ ಬಾಳಿನಲ್ಲಿ ನಮ್ಮ ಅಗತ್ಯ ಯಾರ ಬಚ್ಚಲಿನ ನೀರನ್ನು ತಣ್ಣಗಿಟ್ಟಿತೆಂಬುದು ನಮಗೆ ಕಾಣುವುದೇ ಇಲ್ಲ.

ತಿಂಡಿಯ ಹೊತ್ತಿಗೆ ಮಗ್ಗಗಳು ಒಂದೊಂದಾಗಿ ನಿಲ್ಲುತ್ತವೆ. ನೂಲಿನ ಕಂಡಿಕೆ ಸುತ್ತುವ ಕೈಗಳಿಗೂ ಬಿಡುವು. ಬೀದಿ ಮೌನವಾದ ಆ ಗಳಿಗೆಯಲ್ಲಿ ಬಚ್ಚಲಿನ ಬಲ್ಬು ತಾನಾಗಿ ಬೆಳ್ಳಗಾಗುತ್ತದೆ. ಅದೇ ಹಳೆಯ ಕಾಯಿಲಿನ ಸುತ್ತ ನೀರು ಸಣ್ಣಗೆ ಸದ್ದು ಮಾಡತೊಡಗುತ್ತದೆ.