ಕಾಲಕ್ಕೆ ಕಣ್ಣು ಬೇಡವೇ?

ಸಂಗೀತದ ಬಗ್ಗೆ ಮಾತಾಡುವವರು ಬಹಳ ಸಲೀಸಾಗಿ ಹೇಳಿಬಿಡುವ ಮಾತೊಂದಿದೆ: ಕಣ್ಣಿರುವುದು ಜಾಗವನ್ನು ಅರಿಯಲು, ಕಿವಿ ಇರುವುದು ಕಾಲವನ್ನು ಅರಿಯಲು. ಈಚೆಗೆ ಒಂದು ಸೋದಾಹರಣ ಭಾಷಣದಲ್ಲಿ ವಿದ್ವಾಂಸರೊಬ್ಬರು ಇದನ್ನು ಸಿದ್ಧಾಂತದ ಮಟ್ಟಕ್ಕೇ ಏರಿಸಿದರು. ಕಣ್ಣು ಮುಚ್ಚಿ, ಆಗಷ್ಟೇ ಕಾಲ ಹರಿಯುವುದು ತಿಳಿಯುತ್ತದೆ ಎಂದರು. ಸಭೆ ತಲೆದೂಗಿತು. ನನಗೆ ಸಿಟ್ಟು ಬಂತು. ಈ ಮಾತು ನಿಜವಾದರೆ ಕಿವಿ ಕೇಳದವರ ಬದುಕಿನಲ್ಲಿ ಕಾಲವೇ ಬಡವಾಗಿರಬೇಕು. ಬಸ್ ನಿಲ್ದಾಣದಲ್ಲಿ ಕೈಸನ್ನೆಯಲ್ಲಿ ಮಾತಾಡುತ್ತ ನಿಂತ ಇಬ್ಬರನ್ನು ಗಮನಿಸಿದವರು ಯಾರೂ ಇದನ್ನು ಒಪ್ಪಲಾರರು. ಅವಸರ, ತಡವರಿಕೆ, ನಡುವೆ ಬಾಯಿ ಹಾಕುವುದು, ಉತ್ತರಕ್ಕೆ ಕಾಯುವುದು ಎಲ್ಲವೂ ಆ ಕೈಗಳಲ್ಲಿರುತ್ತದೆ.

ಕಾಲ ಯಾವ ಇಂದ್ರಿಯಕ್ಕೆ ಸಿಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರೂ ಕೇಳಿಕೊಂಡಿದ್ದಾರೆ. ಕಾಲವೊಂದು ದ್ರವ್ಯ, ಅದು ಅನುಮಾನಕ್ಕೆ ಮಾತ್ರ ಸಿಗುತ್ತದೆ ಎಂದರು ವೈಶೇಷಿಕರು. ಅದು ಎಲ್ಲ ಇಂದ್ರಿಯಗಳಿಗೂ ಗೋಚರ ಎಂದರು ಭಾಟ್ಟ ಮೀಮಾಂಸಕರು. ಆದರೆ ಆ ವಾದ ಬಹುಬೇಗ ಪದಾರ್ಥಗಳ ಪಟ್ಟಿಯ ತಕರಾರಾಗುತ್ತದೆ, ನನ್ನನ್ನು ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ನಾನು ಎದುರಾಗಬೇಕಾದದ್ದು ಫ್ರಾನ್ಸಿನ ತತ್ತ್ವಜ್ಞಾನಿ ಆನ್ರಿ ಬರ್ಗ್‌ಸನ್‌ನನ್ನು. ಕಣ್ಣು ಮುಚ್ಚಿ ಎಂಬ ಮಾತಿಗೆ ಅವನಷ್ಟು ಗಟ್ಟಿಯಾದ ಬೆಂಬಲ ಕೊಟ್ಟವರು ಬೇರೆ ಇಲ್ಲ.

1889ರ ತನ್ನ ಮೊದಲ ಮುಖ್ಯ ಗ್ರಂಥದಲ್ಲಿ ಅವನೊಂದು ಅನುಭವ ಹೇಳುತ್ತಾನೆ. ಹತ್ತಿರದಲ್ಲೆಲ್ಲೋ ಗಡಿಯಾರ ಹೊಡೆಯುತ್ತದೆ, ಗಮನ ಬೇರೆಡೆಗಿದೆ. ಕೆಲವು ಪೆಟ್ಟು ಕಳೆದ ಮೇಲೆ ಕಿವಿ ಎಚ್ಚರವಾಗುತ್ತದೆ. ಎಣಿಸಿರಲಿಲ್ಲ, ಆದರೂ ನಾಲ್ಕು ಹೊಡೆದಿತ್ತೆಂದು ತಿಳಿಯುತ್ತದೆ, ಏಕೆಂದರೆ ಆ ಪೆಟ್ಟುಗಳು ಸಾಲಾಗಿ ನಿಲ್ಲದೆ ಒಂದರೊಳಗೊಂದು ಕರಗಿ ರಾಗದ ಒಂದು ತುಣುಕಿನಂತೆ ಉಳಿದಿವೆ. ನಿಜವಾದ ಕಾಲ ಇದು ಎನ್ನುತ್ತಾನೆ. ಎಣಿಸತೊಡಗಿದರೆ ಪೆಟ್ಟುಗಳನ್ನು ಮನಸ್ಸಿನೊಳಗಿನ ಒಂದು ಬಯಲಿನಲ್ಲಿ ಪಕ್ಕಪಕ್ಕ ಇಟ್ಟಂತೆ. ಅಲ್ಲಿಗೆ ಕಾಲ ಸತ್ತು ದೇಶವಾಗುತ್ತದೆ, ಎಂದರೆ ಜಾಗವಾಗುತ್ತದೆ. 1922ರ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಕಣ್ಣು ಮುಚ್ಚಿ ಅದೊಂದನ್ನೇ ಧ್ಯಾನಿಸುತ್ತ ಕೇಳಿದ ರಾಗ ನಮ್ಮ ಒಳಗಿನ ಕಾಲಕ್ಕೆ ತೀರಾ ಹತ್ತಿರ ಎನ್ನುತ್ತಾನೆ.

ಪ್ರಯೋಗಾಲಯಗಳೂ ಅವನ ಕಡೆಗೇ ವಾಲುತ್ತವೆ ಎಂದು ತೋರಬಹುದು. ಎರಡು ಸದ್ದುಗಳ ನಡುವೆ ಎರಡು-ಮೂರು ಮಿಲಿಸೆಕೆಂಡಿನ ಬಿಡುವಿದ್ದರೂ ಕಿವಿ ಅದನ್ನು ಹಿಡಿಯಬಲ್ಲದು. ಕಣ್ಣಿಗಾದರೋ ಸೆಕೆಂಡಿಗೆ ಸುಮಾರು 60 ಸಲ ಮಿನುಗುವ ದೀಪ ಒಂದೇ ಬೆಳಕು. ಅಷ್ಟೇ ಹೊತ್ತು ಇದ್ದರೂ ಸದ್ದು ಬೆಳಕಿಗಿಂತ ದೀರ್ಘವೆನಿಸುತ್ತದೆ. 2000ದಲ್ಲಿ ಲದನ್ ಶಮ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇನ್ನೂ ಬೆರಗಿನದು: ಒಂದೇ ಮಿಂಚಿನ ಜೊತೆ ಎರಡು ಬೀಪ್ ಕೇಳಿಸಿದರೆ ನೋಡುವವರಿಗೆ ಎರಡು ಮಿಂಚು ಕಾಣುತ್ತವೆ. ಇಷ್ಟನ್ನೂ ನಾನು ಒಪ್ಪುತ್ತೇನೆ. ಆದರೆ ಇದರಿಂದ ಸಿದ್ಧವಾಗುವುದು ಕಿವಿ ಚುರುಕು ಎಂಬುದು ಮಾತ್ರ. ಬರ್ಗ್‌ಸನ್ ಹೇಳಿದ್ದು ಚುರುಕಿನ ಮಾತಲ್ಲ. ಮಿಲಿಸೆಕೆಂಡಿನ ಅಳತೆಯನ್ನೇ ಅವನು ಕಾಲದ ಸಾವು ಎಂದದ್ದು. ಅವನ ವಾದಕ್ಕೆ ಗಡಿಯಾರದಿಂದ ಸಾಕ್ಷಿ ಹೇಳಿಸುವುದು ಅವನಿಗೇ ಮಾಡುವ ಅನ್ಯಾಯ.

ಹಾಗಾಗಿ ಅವನನ್ನು ಅವನು ನೆಚ್ಚಿದ ಸಂಗೀತದಲ್ಲೇ ಎದುರಿಸುತ್ತೇನೆ. ಆದಿತಾಳದ ಎಂಟು ಎಣಿಕೆಯಲ್ಲಿ ಸದ್ದಾಗುವುದು ಒಂದು, ಐದು, ಏಳು, ಮೂರೇ ಪೆಟ್ಟು. ಉಳಿದ ಐದು ಬೆರಳೆಣಿಕೆ ಮತ್ತು ಕೈ ಮಗುಚುವ ಹುಸಿ. ಹದಿಮೂರನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ತಾಳದ ಕ್ರಿಯೆಗಳನ್ನು ಸಶಬ್ದ, ನಿಶ್ಶಬ್ದ ಎಂದು ಎರಡಾಗಿ ವಿಂಗಡಿಸಿ, ಎರಡಕ್ಕೂ ಸಮಾನ ಸ್ಥಾನ ಕೊಟ್ಟಿದ್ದಾನೆ. ನಾನು ಕಛೇರಿ ಕೇಳಲು ಕಲಿತದ್ದು ಚಾಮರಾಜಪೇಟೆಯ ರಾಮನವಮಿ ಚಪ್ಪರದಲ್ಲಿ. ತನಿ ಆವರ್ತನ ಶುರುವಾದಾಗ ನನ್ನ ಕಣ್ಣು ಗಾಯಕರ ಕೈ ಬಿಡುತ್ತಿರಲಿಲ್ಲ. ಮೃದಂಗದವರು ನಡೆ ಬದಲಿಸಿ, ಪೆಟ್ಟುಗಳನ್ನು ತಾಳದಿಂದ ಆಚೀಚೆ ಸರಿಸಿ, ಮುಕ್ತಾಯ ಹೆಣೆಯುವಾಗ ಕಿವಿಗೆ ಕಾಲ ಕೈತಪ್ಪುತ್ತದೆ. ಆಗ ಅದನ್ನು ಹಿಡಿದಿರುವುದು ಸದ್ದಿಲ್ಲದೆ ಮಗುಚುವ ಆ ಅಂಗೈ. ಮೃದಂಗ ಎಡುಪಿಗೆ, ಹಾಡು ಶುರುವಾಗುವ ಎಡೆಗೆ, ಬಂದು ಕೂತಾಗ ಸಭೆ ಒಮ್ಮೆಗೇ ಉಸಿರು ಬಿಡುತ್ತದಲ್ಲ, ಆ ಕ್ಷಣವನ್ನು ಕಟ್ಟಿದ್ದು ಕಣ್ಣು ಕಿವಿ ಎರಡೂ ಸೇರಿ.

ಬರ್ಗ್‌ಸನ್ ಇದಕ್ಕೆ ಬಗ್ಗುವವನಲ್ಲ. ತಾಳ ಎಂಬುದೇ ಎಣಿಕೆ, ರಾಗದ ಮೇಲೆ ಹೊದಿಸಿದ ದೇಶ ಎಂದಾನು. ತಾಳವಿಲ್ಲದ ಆಲಾಪನೆಯನ್ನು ತೋರಿಸಿಯಾನು. ತೋಡಿಯ ಗಾಂಧಾರದ ಮೇಲೆ ಗಾಯಕ ನಿಂತಾಗ ಅದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಗೆರೆ ಎಳೆಯಲು ನನಗೂ ಆಗುವುದಿಲ್ಲ. ತಾಳ ಹಾಕುವವನು ಕಣ್ಣು ಮುಚ್ಚಿಯೂ ಹಾಕಬಲ್ಲ ಎಂಬುದನ್ನೂ ಮರೆಯುವಂತಿಲ್ಲ. ಕೈ ತನ್ನಷ್ಟಕ್ಕೆ ಕಾಲವನ್ನು ಬಲ್ಲದು. ಹಾಗಾದರೆ ತಾಳದಿಂದ ನಾನು ಸಾಧಿಸಿದ್ದು ಕಾಲ ಕಿವಿಯೊಂದರ ಸ್ವತ್ತಲ್ಲ ಎಂಬುದಷ್ಟೇ. ಕಣ್ಣಿಗೇ ಕಾಲ ಹರಿಯುವುದು ಕಾಣುತ್ತದೆ ಎಂದು ಇನ್ನೂ ತೋರಿಸಿಲ್ಲ.

ಅದನ್ನು ನಾನು ಕಂಡದ್ದು ಆಸ್ಪತ್ರೆಯಲ್ಲಿ. ಅಮ್ಮನ ಮಂಚದ ಪಕ್ಕ ರಾತ್ರಿಯೆಲ್ಲ ಕೂತು ನೋಡುತ್ತಿದ್ದದ್ದು ಡ್ರಿಪ್ಪನ್ನು. ಬಾಟಲಿಯ ಕೆಳಗಿನ ಪುಟ್ಟ ಪ್ಲಾಸ್ಟಿಕ್ ಕೋಶದಲ್ಲಿ ಹನಿ ತುದಿಗೆ ಬಂದು ನಿಲ್ಲುತ್ತದೆ, ತುಂಬಿಕೊಳ್ಳುತ್ತದೆ, ಜಗ್ಗುತ್ತದೆ, ಕಳಚುತ್ತದೆ. ಸದ್ದಿಲ್ಲ. ಬಿದ್ದ ಹನಿ ಇನ್ನೂ ಕಣ್ಣಲ್ಲಿರುವಾಗಲೇ ಮುಂದಿನದು ಊರತೊಡಗುತ್ತದೆ, ಅದು ಕೊಂಚ ತಡವಾದರೂ ಎದೆ ಬಿಗಿಯುತ್ತದೆ. ನರ್ಸ್ ಬಂದು ಕೊಳವೆಯ ಗಾಲಿ ತಿರುವಿದರೆ ಕಾಲಪ್ರಮಾಣ ಬದಲಾದದ್ದು ತಕ್ಷಣ ತಿಳಿಯುತ್ತದೆ. ನಾನು ಹನಿ ಎಣಿಸುತ್ತಿರಲಿಲ್ಲ, ಸಾಲಾಗಿ ಜೋಡಿಸುತ್ತಲೂ ಇರಲಿಲ್ಲ. ಹಿಂದಿನದು ಮುಂದಿನದರೊಳಗೆ ಇಳಿಯುತ್ತಿತ್ತು. ಬರ್ಗ್‌ಸನ್ ರಾಗಕ್ಕೆ ಹೇಳಿದ ಒಂದೊಂದು ಲಕ್ಷಣವೂ ಆ ಮೂಕ ಹನಿಗಳಲ್ಲಿತ್ತು. ಬಾಟಲಿಯಲ್ಲಿ ದ್ರವದ ಮಟ್ಟ ಇಳಿಯುವುದು ಮಾತ್ರ ಕಾಣುತ್ತಿರಲಿಲ್ಲ, ಇಳಿದಿರುವುದು ಕಾಣುತ್ತಿತ್ತು. ಸೆಕೆಂಡಿನ ಮುಳ್ಳು ಚಲಿಸುವುದನ್ನು ಕಾಣುವುದು ಬೇರೆ, ಗಂಟೆಯ ಮುಳ್ಳು ಚಲಿಸಿದೆ ಎಂದು ಕಾಣುವುದು ಬೇರೆ ಎಂದು ತತ್ತ್ವಜ್ಞಾನಿ ಸಿ. ಡಿ. ಬ್ರಾಡ್ 1923ರಲ್ಲಿ ವಿವರಿಸಿದ್ದ. ಎರಡನೆಯ ಬಗೆಯದು ದೇಶದ ಹೋಲಿಕೆ ಎಂದರೆ ಬಿಟ್ಟುಕೊಡುತ್ತೇನೆ. ಮೊದಲನೆಯದನ್ನು ಬಿಡಲಾರೆ.

ಬರ್ಗ್‌ಸನ್ನೇ 1907ರಲ್ಲಿ ಇದರ ಹೊಸ್ತಿಲಿಗೆ ಬಂದಿದ್ದ. ಸಕ್ಕರೆ ನೀರು ಬೇಕೆಂದರೆ ಸಕ್ಕರೆ ಕರಗುವ ತನಕ ಕಾಯಲೇಬೇಕು, ಆ ಕಾಯುವಿಕೆಯೇ ನಾನು ಬದುಕುವ ಕಾಲ ಎಂದ. ಲೋಟ ಎದುರಿಗಿದೆ, ಕಿವಿಗೆ ಅಲ್ಲಿ ಕೆಲಸವಿಲ್ಲ. ಆದರೂ ಆ ಕಾಲವನ್ನು ಅವನು ಕಣ್ಣಿಗೆ ಕೊಡಲಿಲ್ಲ, ತನ್ನ ಅಸಹನೆಗೆ ಕೊಟ್ಟ. 1922ರಲ್ಲಿಯೂ ರಾಗವನ್ನು ಹೊಗಳಿದ ಬೆನ್ನಿಗೇ, ಅದರಲ್ಲೂ ಗುಣಗಳು ಅತಿಯಾಗಿವೆ, ಸ್ವರಗಳ ಭೇದವನ್ನೂ ಅಳಿಸಬೇಕು ಎಂದ. ಅಂದರೆ ಅವನಿಗೆ ಕೊನೆಗೆ ಕಿವಿಯೂ ಬೇಡ. ನನ್ನ ಸಿಟ್ಟು ತಲುಪಬೇಕಾದದ್ದು ಅವನ ಹೆಸರಿನಲ್ಲಿ ಕಿವಿಗೆ ಪಟ್ಟ ಕಟ್ಟುವವರಿಗೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಆ ವಾರ್ಡಿನಲ್ಲಿ ಪಕ್ಕದ ಮಂಚದ ಡ್ರಿಪ್ಪನ್ನೂ ನಾನು ನೋಡಿದ್ದೆ. ಅಲ್ಲಿ ಹನಿ ಬಿತ್ತು, ಇನ್ನೊಂದು ಬಿತ್ತು, ಅಷ್ಟೇ. ಅದೇ ಕಣ್ಣು, ಅದೇ ಬಗೆಯ ಹನಿ. ಹರಿವು ಮಾತ್ರ ಇರಲಿಲ್ಲ. ಹಾಗಿದ್ದರೆ ಅಮ್ಮನ ಮಂಚದ ಬಳಿ ಕಾಲವನ್ನು ಕಂಡದ್ದು ನನ್ನ ಕಣ್ಣೋ, ನನ್ನ ಭಯವೋ? ಭಯವೇ ಎನ್ನುವುದಾದರೆ ಬರ್ಗ್‌ಸನ್‌ಗೆ ನಾನಂದುಕೊಂಡದ್ದಕ್ಕಿಂತ ಹೆಚ್ಚು ಸೋತಿದ್ದೇನೆ. ಹಾಗೆನ್ನಲೂ ಮನಸ್ಸು ಒಪ್ಪುವುದಿಲ್ಲ, ಯಾಕೆಂದರೆ ಕಣ್ಣು ಮುಚ್ಚಿದಾಗ ಭಯವೇನೋ ಉಳಿಯುತ್ತಿತ್ತು, ಆದರೆ ಅದು ಎಲ್ಲಿಗೂ ಸಾಗುತ್ತಿರಲಿಲ್ಲ. ಹನಿ ಕಂಡಾಗಲೇ ಅದಕ್ಕೊಂದು ಹಿಂದು ಮುಂದು. ಆ ಹಿಂದು ಮುಂದನ್ನು ಬರ್ಗ್‌ಸನ್ ದೇಶ ಎನ್ನುತ್ತಾನೆ, ನಾನು ಕಾಲವೆನ್ನುತ್ತೇನೆ. ನೋಡುವುದರಿಂದಾಗಲಿ ಕೇಳುವುದರಿಂದಾಗಲಿ ಈ ವ್ಯಾಜ್ಯ ತೀರುತ್ತದೆ ಎಂಬ ನಂಬಿಕೆ ನನಗೀಗ ಇಲ್ಲ.