ಹಂಚಿಕೊಂಡರೆ ಕಳ್ಳತನವೇ?



ನಿಮ್ಮ ಮನೆಯಲ್ಲಿ ಒಂಬತ್ತನೆಯದೋ ಹತ್ತನೆಯದೋ ತರಗತಿಯಲ್ಲಿ ಓದುವ ಮಕ್ಕಳಿದ್ದರೆ ಈ ಸಂಗತಿ ನಿಮಗೆ ಹೊಸದಾಗಿರಲಾರದು. ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿರುತ್ತಾರೆ. ಅದಕ್ಕೆ ಚಿತ್ರ ತಿದ್ದುವ ಒಂದು ಸಾಫ್ಟ್‌ವೇರ್ ಬೇಕಾಗುತ್ತದೆ. ಅದರ ಬೆಲೆ ಕೇಳಿ ನೀವು ಬೆಚ್ಚಿಬೀಳುತ್ತೀರಿ. ಅಷ್ಟರಲ್ಲಿ ಮಗನೇ ಸಮಾಧಾನ ಹೇಳುತ್ತಾನೆ: "ಅಪ್ಪಾ, ದುಡ್ಡೇನೂ ಬೇಡ. ನನ್ನ ಕ್ಲಾಸಿನವನ ಹತ್ತಿರ ಕ್ರ್ಯಾಕ್ ಮಾಡಿದ್ದು ಇದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಡ್ತಾನೆ." ನಿಮಗೂ ಹಗುರವೆನಿಸುತ್ತದೆ. ಅದೇ ಮಗ ಭಾನುವಾರ ಪೂಜೆಯ ನಂತರ ಧರ್ಮೋಪದೇಶ ತರಗತಿಯಲ್ಲಿ ದೇವರ ಏಳನೆಯ ಕಟ್ಟಳೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾನೆ. ಎರಡಕ್ಕೂ ಸಂಬಂಧವಿದೆಯೆಂದು ಅವನಿಗೂ ತೋಚುವುದಿಲ್ಲ, ನಿಮಗೂ ತೋಚುವುದಿಲ್ಲ.

ಏಕೆ ತೋಚುವುದಿಲ್ಲ? ಪಕ್ಕದ ಮನೆಯ ಕೋಳಿಯನ್ನು ಕದ್ದರೆ ಅವರ ಗೂಡಿನಲ್ಲಿ ಕೋಳಿ ಉಳಿಯುವುದಿಲ್ಲ. ಸಾಫ್ಟ್‌ವೇರನ್ನು ನಕಲು ಮಾಡಿಕೊಂಡರೆ ಒಡೆಯನ ಬಳಿ ಇದ್ದದ್ದು ಇದ್ದ ಹಾಗೆಯೇ ಇರುತ್ತದೆ. ಯಾರ ಕಣ್ಣಲ್ಲೂ ನೀರು ಬರುವುದಿಲ್ಲ. ಆದ್ದರಿಂದ ಮನಸ್ಸಾಕ್ಷಿ ಚುಚ್ಚುವುದಿಲ್ಲ. ಕಾನೂನು ಮಾತ್ರ ಸುಮ್ಮನಿಲ್ಲ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ನಕಲಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಬಳಸದವರಿಗೆ ನ್ಯಾಯಾಲಯ ಸ್ವಲ್ಪ ಕರುಣೆ ತೋರಿಸಬಹುದು ಎಂಬುದು ಬೇರೆ ಮಾತು. ಆದರೆ ಪೊಲೀಸರ ಭಯದಿಂದ ಮಕ್ಕಳನ್ನು ನೆಟ್ಟಗೆ ಮಾಡುವುದು ನನ್ನ ಉದ್ದೇಶವಲ್ಲ. ಆ ಭಯ ಹದಿನಾಲ್ಕು ವರ್ಷದವರ ಮುಂದೆ ಬಹಳ ದಿನ ನಿಲ್ಲುವುದೂ ಇಲ್ಲ.

ಕಷ್ಟವಿರುವುದು ಪೆನ್‌ಡ್ರೈವ್ ತಂದುಕೊಟ್ಟ ಆ ಇನ್ನೊಬ್ಬ ಹುಡುಗನ ವಿಷಯದಲ್ಲಿ. ಅವನು ಹಣಕ್ಕಾಗಿ ಕೊಡಲಿಲ್ಲ. ಗೆಳೆಯನಿಗೆ ಬೇಕಾಗಿತ್ತು, ತನ್ನ ಬಳಿ ಇತ್ತು, ಕೊಟ್ಟ. ಬಾಲವಾಡಿಗೆ ಹೋಗುವಾಗಿನಿಂದ ನಾವು ಅವನಿಗೆ ಹೇಳಿಕೊಟ್ಟಿರುವುದೇ ಅದನ್ನು: ಬುತ್ತಿಯಲ್ಲಿರುವುದನ್ನು ಒಬ್ಬನೇ ತಿನ್ನಬೇಡ, ಪಕ್ಕದವನಿಗೂ ಕೊಡು. ಈಗ "ಕೊಡಬೇಡ" ಎಂದರೆ ಗೆಳೆಯನಿಗೆ ಬೆನ್ನು ತಿರುಗಿಸಲು ಹೇಳಿದಂತೆ. "ಕೊಡು" ಎಂದರೆ ಮಾತು ಮುರಿಯಲು ಹೇಳಿದಂತೆ. ಏಕೆಂದರೆ ಆ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕುವಾಗ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತಿ, ಯಾರಿಗೂ ನಕಲು ಕೊಡುವುದಿಲ್ಲವೆಂದು ಮಾತು ಕೊಟ್ಟಾಗಿದೆ. ಆ ಕರಾರನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ ಎಂಬುದನ್ನು ಕೇಳದಿರುವುದೇ ಮೇಲು.

ಈ ಇಕ್ಕಟ್ಟನ್ನು ಗಂಭೀರವಾಗಿ ತೆಗೆದುಕೊಂಡವರು ಅಮೆರಿಕದ ರಿಚರ್ಡ್ ಸ್ಟಾಲ್ಮನ್. 1980ರ ಸುಮಾರಿಗೆ ಅವರು ಎಂ.ಐ.ಟಿ. ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಜೆರಾಕ್ಸ್ ಕಂಪನಿ ಅಲ್ಲಿಗೆ ಒಂದು ಲೇಸರ್ ಪ್ರಿಂಟರನ್ನು ಕೊಟ್ಟಿತ್ತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿನಲ್ಲೂ ಇದೇ ತೊಂದರೆ ಇದ್ದಾಗ, ಕಾಗದ ಸಿಕ್ಕಿಕೊಂಡ ಕೂಡಲೇ ಕಾಯುತ್ತಿರುವವರಿಗೆಲ್ಲ ಸುದ್ದಿ ಹೋಗುವಂತೆ ಸ್ಟಾಲ್ಮನ್ ಅದರ ಸಾಫ್ಟ್‌ವೇರನ್ನು ತಿದ್ದಿದ್ದರು. ಹೊಸದರಲ್ಲಿ ತಿದ್ದಲು ಆಗಲಿಲ್ಲ. ಅದರ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಬರಹ, ಅವರ ಕೈಯಲ್ಲಿರಲಿಲ್ಲ. ಬೇರೊಂದು ವಿಶ್ವವಿದ್ಯಾಲಯದ ಸಂಶೋಧಕರೊಬ್ಬರ ಬಳಿ ಅದು ಇದೆಯೆಂದು ತಿಳಿದು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿರುವುದಾಗಿ ಹೇಳಿ ಅವರು ನಿರಾಕರಿಸಿದರು. ಆ ಮನುಷ್ಯ ಕೆಟ್ಟವರಾಗಿರಲಿಲ್ಲ, ಕೊಟ್ಟ ಮಾತಿಗೆ ನಿಂತರು. ಆದರೆ ಮುಂದೆ ಸಹಾಯ ಕೇಳಿ ಬರಬಹುದಾದ ಎಲ್ಲರಿಗೂ ಅವರು ಸಹಿ ಹಾಕುವಾಗಲೇ 'ಇಲ್ಲ' ಎಂದಿದ್ದರು. ಸ್ಟಾಲ್ಮನ್‌ರನ್ನು ಚುಚ್ಚಿದ್ದು ಇದು.

1983ರಲ್ಲಿ ಅವರು 'ಗ್ನೂ' ಎಂಬ ಯೋಜನೆಯನ್ನು ಪ್ರಕಟಿಸಿದರು. ಯಾರು ಬೇಕಾದರೂ ಯಾವ ಉದ್ದೇಶಕ್ಕಾದರೂ ಬಳಸಬಹುದು, ಒಳಗೆ ಹೇಗಿದೆಯೆಂದು ನೋಡಿ ತಿದ್ದಿಕೊಳ್ಳಬಹುದು, ಇನ್ನೊಬ್ಬರಿಗೆ ನಕಲು ಕೊಡಬಹುದು, ತಿದ್ದಿದ್ದನ್ನೂ ಹಂಚಬಹುದು ಎನ್ನುವಂಥ ಸಾಫ್ಟ್‌ವೇರ್ ಬರೆಯುವುದು ಅದರ ಗುರಿ. 1989ರಲ್ಲಿ ಅದಕ್ಕೊಂದು ಪರವಾನಗಿಯೂ ಸಿದ್ಧವಾಯಿತು. ಹೆಸರು ಜಿ.ಪಿ.ಎಲ್. ಅದರಲ್ಲಿ ಒಂದು ಜಾಣತನದ ಷರತ್ತಿದೆ. ನೀನು ತಿದ್ದಿ ಹಂಚುವುದಾದರೆ, ನಿನಗೆ ಸಿಕ್ಕ ಸ್ವಾತಂತ್ರ್ಯವನ್ನೆಲ್ಲ ನಿನ್ನಿಂದ ಪಡೆಯುವವನಿಗೂ ಕೊಡಬೇಕು. ಪಡೆದು ಬಾಗಿಲು ಹಾಕಿಕೊಳ್ಳುವಂತಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನ ಮನೆಯಲ್ಲಿ ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ತರುತ್ತೀರಿ. ಕೊಟ್ಟವರ ಮೊಸರೇನೂ ಕಡಿಮೆಯಾಗುವುದಿಲ್ಲ. ಅದೇ ಹೆಪ್ಪಿನಿಂದ ನಿಮ್ಮ ಮನೆಯ ಮೊಸರು ಇನ್ನಷ್ಟು ಗಟ್ಟಿಯಾಗಬಹುದು. ಮುಂದಿನ ತಿಂಗಳು ಅವರ ಹೆಪ್ಪು ಕೆಟ್ಟಾಗ ಬಟ್ಟಲು ನಿಮ್ಮ ಬಾಗಿಲಿಗೆ ಬರುತ್ತದೆ. ಆಗ "ಇದು ನನ್ನ ಹೆಪ್ಪು, ಕೊಡುವುದಿಲ್ಲ" ಎನ್ನುವವರನ್ನು ಬೀದಿಯವರು ಏನೆನ್ನುತ್ತಾರೆಂದು ನಿಮಗೇ ಗೊತ್ತು.

ಇಂಗ್ಲಿಷಿನಲ್ಲಿ ಇಂಥ ಸಾಫ್ಟ್‌ವೇರನ್ನು 'ಫ್ರೀ' ಎಂದು ಕರೆದದ್ದರಿಂದ ಬಹಳ ಗೊಂದಲವಾಗಿದೆ. ಕನ್ನಡಕ್ಕೆ ಆ ತೊಂದರೆಯಿಲ್ಲ. ನಮ್ಮಲ್ಲಿ ಉಚಿತ ಬೇರೆ, ಮುಕ್ತ ಬೇರೆ. ನಿಮ್ಮ ಮಗಳ ಮೊಬೈಲಿನಲ್ಲಿರುವ ಎಷ್ಟೋ ಆಟಗಳು ಉಚಿತ, ಆದರೆ ಮುಕ್ತವಲ್ಲ. ಅವು ಅವಳ ಹಣ ಕೇಳುವುದಿಲ್ಲ, ಅವಳೇನು ನೋಡುತ್ತಾಳೆ, ಎಷ್ಟು ಹೊತ್ತು ನೋಡುತ್ತಾಳೆ ಎಂಬ ವಿವರ ಸಂಗ್ರಹಿಸಿ ಜಾಹೀರಾತಿನವರಿಂದ ಸಂಪಾದಿಸುತ್ತವೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಕೂಡ ಉಚಿತವೇ, ಮುಕ್ತವಲ್ಲ. ಕದ್ದು ತಂದ ಮೇಲೂ ಅದರ ಒಳಗೇನಿದೆಯೆಂದು ನೋಡಲಾಗದು. ಬೀಗ ಒಡೆದವನು ಅದರೊಳಗೆ ವೈರಸ್ ಇಟ್ಟಿದ್ದರೂ ನಿಮಗೆ ತಿಳಿಯುವುದಿಲ್ಲ.

ಈ ಕ್ರ್ಯಾಕ್ ವಿಚಾರದಲ್ಲಿ ನಾನು ಸ್ಟಾಲ್ಮನ್‌ರನ್ನು ಪೂರ್ತಿ ಒಪ್ಪುವುದಿಲ್ಲ. ಇಕ್ಕಟ್ಟಿಗೆ ಸಿಕ್ಕಿಬಿದ್ದಾಗ ಗೆಳೆಯನಿಗೆ ನಕಲು ಕೊಟ್ಟು ಮಾತು ಮುರಿಯುವುದೇ ಎರಡರಲ್ಲಿ ಚಿಕ್ಕ ಕೆಡುಕು ಎಂಬುದು ಅವರ ವಾದ. ಪ್ರಬುದ್ಧ ವ್ಯಕ್ತಿಯೊಬ್ಬ ತನ್ನ ಮನಸ್ಸಾಕ್ಷಿಯೊಡನೆ ತೂಗಿ ನೋಡಬೇಕಾದ ಮಾತನ್ನು ಹದಿನಾಲ್ಕರ ಹುಡುಗನ ಕೈಗೆ ಕೊಟ್ಟರೆ, ಕೊಟ್ಟ ಮಾತೆಲ್ಲ ಮುರಿಯಲಿಕ್ಕೇ ಇದೆಯೆಂದು ಅವನು ತಿಳಿದಾನು. ಆದರೆ ಅದಕ್ಕಿಂತ ಒಳ್ಳೆಯ ದಾರಿಯನ್ನೂ ಅವರೇ ತೋರಿಸಿದ್ದಾರೆ. ಅಂಥ ಮಾತನ್ನು ಮೊದಲೇ ಕೊಡದಿರುವುದು, ಹಂಚಲು ಅನುಮತಿಯಿರುವುದನ್ನೇ ಬಳಸುವುದು. ಆಗ ಪ್ರಾಮಾಣಿಕತೆಗೂ ಗೆಳೆತನಕ್ಕೂ ಜಗಳವಿರುವುದಿಲ್ಲ.

"ಹಾಗಾದರೆ ಬರೆದವನ ಹೊಟ್ಟೆಪಾಡೇನು?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ದುಡಿದವನಿಗೆ ಕೂಲಿ ಸಲ್ಲಬೇಕೆಂದು ಶುಭಸಂದೇಶವೇ ಹೇಳುತ್ತದೆ. 1976ರಲ್ಲಿ ಇದನ್ನೇ ಕೇಳಿ ಬಹಿರಂಗ ಪತ್ರ ಬರೆದವನು ಇಪ್ಪತ್ತು ವರ್ಷದ ಬಿಲ್ ಗೇಟ್ಸ್. ತಾನು ಮತ್ತು ಜೊತೆಗಾರರು ಬರೆದ ಪ್ರೋಗ್ರಾಮನ್ನು ಹವ್ಯಾಸಿಗಳು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿದ್ದಾರೆಂಬುದು ಅವನ ದೂರು. ಹದಿನೈದು ವರ್ಷಗಳ ನಂತರ, 1991ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಇಪ್ಪತ್ತೊಂದರ ಲೀನಸ್ ಟೊರ್ವಾಲ್ಡ್ಸ್ ತಾನು ಹವ್ಯಾಸಕ್ಕಾಗಿ ಬರೆಯುತ್ತಿದ್ದ ಪ್ರೋಗ್ರಾಮನ್ನು ಎಲ್ಲರ ಮುಂದಿಟ್ಟ, ಮರುವರ್ಷ ಜಿ.ಪಿ.ಎಲ್. ಪರವಾನಗಿಗೆ ಒಳಪಡಿಸಿದ. ಅದೇ ಲಿನಕ್ಸ್. ಇಂದು ಆಂಡ್ರಾಯ್ಡ್ ಫೋನುಗಳ ಒಳಗಿನ ತಿರುಳು ಅದು. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವುದೆಲ್ಲ ಅದರಿಂದಲೇ ನಡೆಯುತ್ತವೆ. ಇನ್ನು ಕೂಲಿಯ ಮಾತು. ಮುಕ್ತ ಸಾಫ್ಟ್‌ವೇರಿನ ಸುತ್ತ ಸೇವೆ ಮಾರಿ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐ.ಬಿ.ಎಂ. 2019ರಲ್ಲಿ 3,400 ಕೋಟಿ ಡಾಲರಿಗೆ ಕೊಂಡುಕೊಂಡಿತು. ಹೆಪ್ಪನ್ನು ಯಾರೂ ಮಾರುವುದಿಲ್ಲ, ಆದರೂ ಹೋಟೆಲಿನ ಮೊಸರನ್ನಕ್ಕೆ ಬೆಲೆಯಿದ್ದೇ ಇದೆ.

ಅದೇ 1991ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ತಮ್ಮ ವಿಶ್ವಪತ್ರವೊಂದರಲ್ಲಿ, ಭೂಮಿಯ ಒಡೆತನದಷ್ಟೇ ಮಹತ್ವದ ಇನ್ನೊಂದು ಒಡೆತನ ಬಂದಿದೆ, ಅದು ತಿಳಿವಳಿಕೆಯ ಮತ್ತು ತಂತ್ರಜ್ಞಾನದ ಒಡೆತನ ಎಂದು ಗುರುತಿಸಿದ್ದರು. ಭೂಮಿಯಿಲ್ಲದವನ ಪಾಡು ನಮ್ಮ ಹಿರಿಯರಿಗೆ ಗೊತ್ತಿತ್ತು. ತಿಳಿವಳಿಕೆಯ ಬೇಲಿಯ ಹೊರಗೆ ನಿಂತವರ ಪಾಡು ನಮ್ಮ ಮಕ್ಕಳದಾಗಬಾರದಷ್ಟೆ.

ಶಾಲೆಗಳಲ್ಲಿ ಇದೆಲ್ಲ ಆಗುವ ಮಾತೇ ಎನ್ನುವವರು ಪಕ್ಕದ ಕೇರಳವನ್ನು ನೋಡಬೇಕು. ಅಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. ಒಂದೇ ಕಂಪನಿಯ ಸಾಫ್ಟ್‌ವೇರನ್ನು ಮಕ್ಕಳಿಗೆ ಕಲಿಸುವುದಕ್ಕೆ ಶಿಕ್ಷಕರೇ ಆಕ್ಷೇಪವೆತ್ತಿದರು. ಕ್ರಮೇಣ ಸರಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳು ಲಿನಕ್ಸಿಗೆ ಬದಲಾದವು. ಆ ಅನುದಾನಿತ ಶಾಲೆಗಳಲ್ಲಿ ನಮ್ಮ ಧರ್ಮಸಭೆ ನಡೆಸುವವೂ ಬಹಳಷ್ಟಿವೆ. 2018ರಿಂದ 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಕೂಟಗಳಲ್ಲಿ ಪ್ರೌಢಶಾಲೆಯ ಮಕ್ಕಳು ಅನಿಮೇಷನ್, ಪ್ರೋಗ್ರಾಮಿಂಗ್, ಮಲಯಾಳಂ ಟೈಪಿಂಗ್ ಕಲಿಯುತ್ತಿದ್ದಾರೆ. "ನಾಳೆ ಕೆಲಸಕ್ಕೆ ಹೋದರೆ ಕಚೇರಿಗಳಲ್ಲಿ ಬೇರೆ ಸಾಫ್ಟ್‌ವೇರ್ ಇರುತ್ತದಲ್ಲ?" ಎಂಬ ಚಿಂತೆ ಬೇಡ. ಒಂದು ಗಾಡಿಯಲ್ಲಿ ಬ್ರೇಕು, ಕ್ಲಚ್ಚು ಸರಿಯಾಗಿ ಕಲಿತವನು ಇನ್ನೊಂದು ಗಾಡಿಯನ್ನೂ ಓಡಿಸುತ್ತಾನೆ.

ನಮ್ಮ ಕನ್ನಡದಲ್ಲೂ ಇದರ ಪಾಠವಿದೆ. ಹಳೆಯ ಡಿ.ಟಿ.ಪಿ. ಮಾಡಿದವರನ್ನು ಕೇಳಿ. ಒಂದು ಕಂಪನಿಯ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತಿದ್ದವು. ಬರೆದದ್ದು ನಮ್ಮದು, ಓದುವ ಬೀಗದ ಕೈ ಇನ್ನೊಬ್ಬರದು. ಯೂನಿಕೋಡ್ ಎಂಬ ಎಲ್ಲರಿಗೂ ಸಮಾನವಾದ ವ್ಯವಸ್ಥೆ ಬಂದ ಮೇಲೆ, ಲೋಹಿತ್, ನೋಟೋ ಮುಂತಾದ ಮುಕ್ತ ಫಾಂಟುಗಳು ಬಂದ ಮೇಲೆ ಆ ಕಷ್ಟ ಬಹಳ ಕಡಿಮೆಯಾಯಿತು. ನಾವು ಕನ್ನಡ ಟೈಪ್ ಮಾಡುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದವರು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಅವರು ಅದಕ್ಕೆ ಬೇಲಿ ಹಾಕದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಕರ್ನಾಟಕ ಸರಕಾರ ಅದನ್ನೇ ಆಧಾರವಾಗಿ ಅಂಗೀಕರಿಸಿತು. ಅವರ ಹೆಸರು ಕೇಳಿರದ ಲಕ್ಷಾಂತರ ಬೆರಳುಗಳು ದಿನವೂ ಅವರ ಕೊಡುಗೆಯ ಮೇಲೆ ಓಡಾಡುತ್ತಿವೆ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಮುಕ್ತ ಸಾಫ್ಟ್‌ವೇರನ್ನು 'ಪುಕ್ಕಟೆ ಸಿಗುತ್ತದೆ' ಎಂಬ ಒಂದೇ ಕಾರಣಕ್ಕೆ ಮಕ್ಕಳಿಗೆ ಪರಿಚಯಿಸಿದರೆ ನಾವು ಕಲಿಸಿದ್ದು ಬರೀ ದಕ್ಕಿಸಿಕೊಳ್ಳುವುದನ್ನು. ಇಂಟರ್ನೆಟ್ಟಿನಲ್ಲಿ ನಾವು ಕಳಿಸುವ ಗುಟ್ಟುಗಳನ್ನು ಕಾಯುವ 'ಓಪನ್ ಎಸ್ಸೆಸ್ಸೆಲ್' ಎಂಬ ಮುಕ್ತ ಸಾಫ್ಟ್‌ವೇರ್ ಇದೆ. 2014ರಲ್ಲಿ ಅದರಲ್ಲಿ ದೊಡ್ಡದೊಂದು ಬಿರುಕು ಪತ್ತೆಯಾಯಿತು. 'ಹಾರ್ಟ್‌ಬ್ಲೀಡ್' ಎಂದು ಅದಕ್ಕೆ ಹೆಸರಿಟ್ಟರು. ವಿಚಾರಿಸಿದರೆ, ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ನೆಚ್ಚಿಕೊಂಡಿದ್ದ ಆ ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ, ಅವರಿಗೆ ಬರುತ್ತಿದ್ದ ದೇಣಿಗೆ ಅತ್ಯಲ್ಪ. ಎಲ್ಲರೂ ಹೆಪ್ಪು ಒಯ್ದಿದ್ದರು, ಬಟ್ಟಲು ಹಿಂದಿರುಗಿಸಿದವರು ಕಡಿಮೆ.

ಆದ್ದರಿಂದ ಮಗನಿಗೆ ಗಿಂಪ್ ಹಾಕಿಕೊಡಿ, ಚಿತ್ರ ತಿದ್ದುವ ಅವನ ಪ್ರಾಜೆಕ್ಟಿಗೆ ಅದು ಧಾರಾಳ ಸಾಕು. ಪತ್ರ, ಲೆಕ್ಕಪಟ್ಟಿಗೆ ಲಿಬ್ರೆ ಆಫೀಸ್ ಇದೆ. ನಿಧಾನವಾದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿಸಿ ನೋಡಿ. ಎಲ್ಲವೂ ಸಲೀಸು ಎಂದು ನಾನು ಹೇಳುವುದಿಲ್ಲ. ಪ್ರಿಂಟರ್ ಒಮ್ಮೊಮ್ಮೆ ಹಟ ಮಾಡುತ್ತದೆ, ಮಗ ಒಂದು ಸಂಜೆಯೆಲ್ಲ ತಲೆ ಕೆರೆದುಕೊಳ್ಳುತ್ತಾನೆ. ಕೆರೆದುಕೊಳ್ಳಲಿ, ಕಲಿಯುವುದು ಆಗಲೇ. ಆಮೇಲೆ ಅವನನ್ನೇ ಕೇಳಿ: ಇದಕ್ಕೆ ನೀನೇನು ಕೊಡುತ್ತೀ? ಪ್ರೋಗ್ರಾಮ್ ಬರೆಯಲು ಬರಬೇಕೆಂದೇನೂ ಇಲ್ಲ. ಇಂಥ ಸಾಫ್ಟ್‌ವೇರುಗಳಲ್ಲಿ ಕಾಣುವ ಪದಗಳ ಕನ್ನಡ ಅನುವಾದವನ್ನು ಮಾಡುತ್ತಿರುವವರು ಬಹುಪಾಲು ಸ್ವಯಂಸೇವಕರು. ಅಲ್ಲಿ ಇನ್ನೂ ಕೆಲಸ ಬೇಕಾದಷ್ಟಿದೆ, ಇರುವ ಅನುವಾದದಲ್ಲಿ ನಗು ಬರಿಸುವಂಥ ಪದಗಳೂ ಇವೆ. ಅದನ್ನು ತಿದ್ದಲು ಒಳ್ಳೆಯ ಕನ್ನಡ ಬಲ್ಲ ಅಜ್ಜಿಯೂ ಮೊಮ್ಮಗಳ ಪಕ್ಕದಲ್ಲಿ ಕುಳಿತು ನೆರವಾಗಬಹುದು. ಎಲ್ಲಾದರೂ ದೋಷ ಕಂಡರೆ ಅದನ್ನು ವಿವರವಾಗಿ ಬರೆದು ತಯಾರಿಸಿದವರಿಗೆ ತಿಳಿಸುವುದೂ ದೊಡ್ಡ ಸಹಾಯವೇ.

ಮೊದಲ ಸಲ ಹಾಗೆ ಬರೆಯುವಾಗ ನೀವೂ ಜೊತೆಯಲ್ಲಿರಿ. ಅಪರಿಚಿತರಿಗೆ ಬರೆಯುವುದರಿಂದ ಮನೆ ವಿಳಾಸ, ಶಾಲೆಯ ಹೆಸರು, ಫೋನ್ ನಂಬರು ಕೊಡದಂತೆ ನೋಡಿಕೊಳ್ಳಿ. ಉತ್ತರ ಬರಲು ವಾರಗಳೇ ಹಿಡಿಯಬಹುದು. ಕೆಲವೊಮ್ಮೆ ಬರುವ ಉತ್ತರ ಒರಟಾಗಿಯೂ ಇರುತ್ತದೆ. ಆ ಲೋಕದಲ್ಲೂ ಮುಂಗೋಪಿಗಳು ಸಾಕಷ್ಟಿದ್ದಾರೆ. ಆಗ ಅದನ್ನು ಮಗನ ಪಕ್ಕದಲ್ಲಿ ಕುಳಿತು ಓದಿ, ತಿರುಗಿ ಏನು ಬರೆಯಬೇಕೆಂದು ಅವನನ್ನೇ ಕೇಳಿ.