ಬೀರುವಿನ ಚಿತ್ರಗಳೂ ನಾಟಕಶಾಲೆಯ ದೀಪವೂ

ನೋಡದೆ, ಓದದೆ, ಅನುಭವಿಸದೆ ಕೇವಲ ಕೂಡಿಟ್ಟ ವಸ್ತುವನ್ನು ಮನುಷ್ಯನು ತನ್ನದೆಂದು ಹೇಳಿಕೊಳ್ಳಬಹುದೇ ಎಂಬ ಪ್ರಶ್ನೆ ಬಹಳ ಹಳೆಯದು. ಹಿಂದಿನವರು ಅದನ್ನು ಧನಧಾನ್ಯಗಳ ವಿಷಯದಲ್ಲಿ ಕೇಳಿದರು. ನನಗೆ ಅದು ಈಚೆಗೆ ಚಲನಚಿತ್ರಗಳ ವಿಷಯದಲ್ಲಿ ಎದುರಾಗಿದೆ. ಹೊಸಪೇಟೆಯ ನಮ್ಮ ಮನೆಯ ಮರದ ಬೀರುವೊಂದರಲ್ಲಿ ತಂದೆಯವರು ಕೊಂಡು ತಂದ ವಿಡಿಯೋ ಕ್ಯಾಸೆಟ್ಟುಗಳೂ, ಅನಂತರ ನಾವು ಸೇರಿಸಿದ ಸೀಡಿ, ಡಿವಿಡಿಗಳೂ ತುಂಬಿಕೊಂಡಿವೆ. ಸಂಡೂರಿನ ಗಣಿಗಳಿಂದ ಅದಿರಿನ ಲಾರಿಗಳು ಹಗಲಿರುಳೆನ್ನದೆ ಓಡಾಡುತ್ತಿದ್ದ ವರ್ಷಗಳಲ್ಲಿ, ಕಿಟಕಿ ಮುಚ್ಚಿದ್ದರೂ ಒಳಗೆ ಬಂದು ಕುಳಿತ ಕೆಂಧೂಳು ಆ ಡಬ್ಬಿಗಳ ಸಂದುಗಳಲ್ಲಿ ಇಂದಿಗೂ ಇದೆ. ಕೆಲವು ಕ್ಯಾಸೆಟ್ಟುಗಳ ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿದೆ. ಎರಡು ಮೂರು ಸೀಡಿಗಳಲ್ಲಿ ಹಂಚಿಕೊಂಡ ಚಿತ್ರಗಳಲ್ಲಿ ಒಂದೆರಡಕ್ಕೆ ನಡುವಿನ ಸೀಡಿಯೇ ಇಲ್ಲ. ಇವೆಲ್ಲವನ್ನೂ, ಯಾವುದನ್ನೂ ಬಿಡದೆ, ಇಟ್ಟಿರುವ ಕ್ರಮದಲ್ಲಿಯೇ ನೋಡಿ, ಪ್ರತಿಯೊಂದರ ಮೇಲೂ ಒಂದು ಪುಟದ ವಿಮರ್ಶೆಯನ್ನು ಬರೆದಿಡಬೇಕೆಂದು ನಿಶ್ಚಯಿಸಿ ಆ ಕಾರ್ಯದಲ್ಲಿ ತೊಡಗಿದ್ದೇನೆ. “ಇಷ್ಟೆಲ್ಲಾ ನೋಡಿ, ಬರೆದು, ಯಾರಿಗೆ ಕೊಡ್ತೀರಿ ಮಾವಾ?” ಎಂದು ಅಕ್ಕನ ಮಗನು ಕೇಳಿದನು. ಆ ಪ್ರಶ್ನೆಗೆ ಸಾವಧಾನವಾದ ಉತ್ತರವೊಂದು ಸಲ್ಲಬೇಕಾಗಿದೆ.

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಬದಿಯಲ್ಲಿ ಗಾಣಗಿತ್ತಿ ಜಿನಾಲಯವಿದೆ. ಎರಡನೆಯ ಹರಿಹರನ ಕಾಲದಲ್ಲಿ, 1385ರಲ್ಲಿ, ಇರುಗ ದಂಡನಾಯಕನು ಕುಂಥು ಜಿನನಾಥನಿಗೆ ಕಟ್ಟಿಸಿದ ಈ ಗುಡಿಯ ಮುಂದೆ ನಿಂತಾಗಲೆಲ್ಲ, ಜೈನಧರ್ಮವು ಗೃಹಸ್ಥನಿಗೆ ವಿಧಿಸಿದ ಪರಿಗ್ರಹ ಪರಿಮಾಣವೆಂಬ ವ್ರತವು ನನ್ನ ನೆನಪಿಗೆ ಬರುತ್ತದೆ. ಸರ್ವಸ್ವವನ್ನೂ ತೊರೆಯಬೇಕೆಂಬ ನಿಯಮ ಮುನಿಗಳಿಗೆ. ಗೃಹಸ್ಥನಾದರೋ ತನ್ನಲ್ಲಿ ಎಷ್ಟಿರಬೇಕೆಂಬುದಕ್ಕೆ ಒಂದು ಮಿತಿಯನ್ನು ತಾನೇ ಹಾಕಿಕೊಳ್ಳಬೇಕು. ಮಿತಿಯನ್ನು ಹಾಕಿಕೊಳ್ಳಬೇಕಾದರೆ ಇರುವುದನ್ನು ಎಣಿಸಬೇಕು, ಎಣಿಸಬೇಕಾದರೆ ಒಂದೊಂದನ್ನೂ ಕೈಗೆತ್ತಿಕೊಂಡು ನೋಡಬೇಕು. ಲೋಭವು ಬಹಳವನ್ನು ಬಯಸುತ್ತದೆ ಎನ್ನುವುದಕ್ಕಿಂತಲೂ, ತನ್ನಲ್ಲಿ ಏನಿದೆಯೆಂಬುದನ್ನು ತಿಳಿಯಲು ಒಪ್ಪುವುದಿಲ್ಲ ಎಂಬುದೇ ಅದರ ಹೆಚ್ಚು ನಿಜವಾದ ಲಕ್ಷಣವೆಂದು ನನಗೆ ತೋರುತ್ತದೆ. ಬೀರುವಿನ ಬಾಗಿಲು ಮುಚ್ಚಿರುವವರೆಗೆ ಅದರೊಳಗಿನದೆಲ್ಲವೂ ಅಮೂಲ್ಯವೇ. ತೆರೆದು ನೋಡಿದಾಗ ಮಾತ್ರ ಯಾವುದು ರತ್ನ, ಯಾವುದು ಕಸ ಎಂಬುದು ಗೊತ್ತಾಗುತ್ತದೆ.

ಹಾಗಾದರೆ ಆರಿಸಿಕೊಂಡು ನೋಡಬಾರದೇ, ಒಳ್ಳೆಯ ನಾಲ್ಕನ್ನು ನೋಡಿದರೆ ಸಾಲದೇ ಎಂದರೆ, ಸಾಲದು ಎಂದೇ ನನ್ನ ಉತ್ತರ. ಆರಿಸುವವನು ತನ್ನ ರುಚಿಯನ್ನೇ ಮತ್ತೆ ಮತ್ತೆ ಉಣ್ಣುತ್ತಾನೆ. ಹಂಪಿಯ ಹಜಾರರಾಮ ದೇವಾಲಯದಲ್ಲಿ ಶ್ರೀರಾಮನ ಕಥೆಯು ಹೊರಗೋಡೆಯ ಮೇಲೆ ಮೂರು ಪಟ್ಟಿಕೆಗಳಾಗಿ ಸುತ್ತಿಕೊಂಡಿದೆ. ಕಥೆಯನ್ನು ಕ್ರಮವಾಗಿ ಕಾಣಬೇಕೆಂಬವನು ಗುಡಿಯನ್ನು ಮರಳಿ ಮರಳಿ ಸುತ್ತಬೇಕು. ನೋಟವೇ ಪ್ರದಕ್ಷಿಣೆಯಾಗುವಂತೆ ಅದನ್ನು ಕಂಡರಿಸಿದ ಶಿಲ್ಪಿಗಳು, ಯಾತ್ರಿಕನು ತನಗೆ ಪ್ರಿಯವಾದ ಪ್ರಸಂಗದೆದುರಿಗೆ ಮಾತ್ರ ನಿಂತು ಹಿಂದಿರುಗಲೆಂದು ಬಗೆಯಲಿಲ್ಲ. ಕಾಲಕ್ರಮದಲ್ಲಿ ಮೂಗು ಮುರಿದು ಮುಖ ಸವೆದ ಮೂರ್ತಿಗೂ, ಅಚ್ಚಳಿಯದೆ ಉಳಿದ ಮೂರ್ತಿಗೂ ಅವನ ದೃಷ್ಟಿಯಲ್ಲಿ ಸಮಭಾಗವನ್ನು ವಿಧಿಸಿದರು. ಸೋತ ಚಿತ್ರವನ್ನೂ ಕೊನೆಯವರೆಗೆ ನೋಡುವುದರಲ್ಲಿ ಆ ಬಗೆಯ ಶಿಸ್ತಿದೆ. ಅದರ ಮೂರನೆಯ ಸೀಡಿಯಲ್ಲಿ, ಯಾರೂ ಹೆಸರು ಕೇಳದ ಪೋಷಕನಟನೊಬ್ಬನು ಬಾಗಿಲ ಬಳಿ ನಿಂತು ಚಪ್ಪಲಿ ಕಳಚುವ ಒಂದೇ ಒಂದು ರೀತಿಯಲ್ಲಿ ಇಡೀ ಚಿತ್ರದಲ್ಲಿ ಇಲ್ಲದ ಸತ್ಯವನ್ನು ತೋರಿಸಿಬಿಡುವುದುಂಟು.

ಇಲ್ಲಿಯವರೆಗಿನದು ಸುಲಭ. ಕಷ್ಟವಾದ ಪ್ರಶ್ನೆ ವಿಮರ್ಶೆಯದು. ಎಲ್ಲವನ್ನೂ ಸಮದೃಷ್ಟಿಯಿಂದ ನೋಡಬೇಕೆಂಬುದು ಒಂದು ಆದರ್ಶ. ಇದು ಉತ್ತಮ, ಇದು ಹೀನ ಎಂದು ತೀರ್ಪು ಬರೆಯುವುದು ಅದಕ್ಕೆ ವಿರುದ್ಧವಾದ ವ್ಯಾಪಾರ. ಸಾಕ್ಷಿಯಾದವನು ನ್ಯಾಯಾಧೀಶನೂ ಆಗಬಲ್ಲನೇ?

ಈ ಪ್ರಶ್ನೆಯನ್ನು ಹೊತ್ತುಕೊಂಡು ನಾನು ದೂರ ಹೋಗಬೇಕಾಗಿರಲಿಲ್ಲ. ಹಂಪಿಯಲ್ಲಿ ವಿದ್ಯಾರಣ್ಯರ ಮಠ ಈಗಲೂ ಇದೆ. ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯಲ್ಲಿ ಆ ಯತಿಗಳು ಪಲ್ಲಕ್ಕಿಯಲ್ಲಿ ಕುಳಿತು ಮೆರವಣಿಗೆಯಲ್ಲಿ ಹೋಗುತ್ತಿರುವಂತೆ ಬರೆದ ಚಿತ್ರವಿದೆ. ಅವರ ಹೆಸರಿನಿಂದ ಪ್ರಸಿದ್ಧವಾಗಿರುವ ಪಂಚದಶಿಯ ಹತ್ತನೆಯ ಪ್ರಕರಣಕ್ಕೆ ನಾಟಕದೀಪವೆಂದು ಹೆಸರು. ನೃತ್ಯಶಾಲೆಯಲ್ಲಿ ಹಚ್ಚಿಟ್ಟ ದೀಪವು ಒಡೆಯನನ್ನೂ ಸಭಿಕರನ್ನೂ ನರ್ತಕಿಯನ್ನೂ ಭೇದವಿಲ್ಲದೆ ಬೆಳಗುತ್ತದೆ. ಅವರೆಲ್ಲರೂ ಎದ್ದುಹೋದ ಮೇಲೂ ಉರಿಯುತ್ತಿರುತ್ತದೆ. ಅಹಂಕಾರವೇ ಒಡೆಯ, ವಿಷಯಗಳೇ ಸಭಿಕರು, ಬುದ್ಧಿಯೇ ನರ್ತಕಿ, ಇಂದ್ರಿಯಗಳೇ ತಾಳ ಹಿಡಿದವರು, ದೀಪವೇ ಸಾಕ್ಷಿಯೆಂದು ಗ್ರಂಥಕಾರರು ವಿವರಿಸುತ್ತಾರೆ. ವಿಷಯಗಳು ಸಭಿಕರ ಸ್ಥಾನದಲ್ಲಿ ಕುಳಿತಿರುವುದನ್ನು ಗಮನಿಸಬೇಕು. ನಾನು ಚಿತ್ರವನ್ನು ನೋಡುತ್ತಿದ್ದೇನೆಂದು ತಿಳಿದು ಕುಳಿತಿರುತ್ತೇನೆ. ಆದರೆ ಕುಣಿಯುತ್ತಿರುವುದು ನನ್ನ ಬುದ್ಧಿ, ಚಿತ್ರವು ಅದನ್ನು ನೋಡುತ್ತಿದೆ. ಬರೆದ ವಿಮರ್ಶೆಗಳನ್ನು ಕೆಲವು ತಿಂಗಳ ತರುವಾಯ ತೆಗೆದು ಓದಿದಾಗ ಈ ಮಾತಿನ ಸತ್ಯ ಗೋಚರವಾಗುತ್ತದೆ: ಆ ಪುಟಗಳಲ್ಲಿ ಚಿತ್ರಗಳ ಗುಣದೋಷಗಳು ಇರುವಷ್ಟೇ ಸ್ಪಷ್ಟವಾಗಿ ಬರೆದವನ ಮಮತೆ, ಮತ್ಸರ, ಆಲಸ್ಯಗಳೂ ದಾಖಲಾಗಿರುತ್ತವೆ.

ವಿರೂಪಾಕ್ಷ ದೇವಾಲಯದಲ್ಲಿಯೇ, ಗರ್ಭಗುಡಿಯ ಹಿಂಬದಿಯ ಕತ್ತಲೆಯ ಕೋಣೆಯೊಂದರಲ್ಲಿ, ಗೋಡೆಯ ಚಿಕ್ಕ ರಂಧ್ರದಿಂದ ಬಂದ ಬೆಳಕು ಮೂಡಣದ ಒಂಬತ್ತು ನೆಲೆಯ ಮಹಾಗೋಪುರವನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬಿಡಿಸುತ್ತದೆ. ಕ್ಯಾಮೆರಾದ ತತ್ತ್ವವೇ ಅದು. ಗೋಪುರದ ಶಿಖರದಿಂದ ಹೊರಟ ಕಿರಣವು ರಂಧ್ರದಲ್ಲಿ ಹಾಯ್ದು ಕೆಳಕ್ಕೂ, ಬುಡದಿಂದ ಹೊರಟುದು ಮೇಲಕ್ಕೂ ಬೀಳುತ್ತದೆ. ಆ ಕೋಣೆ ಯಾವುದನ್ನೂ ಆರಿಸುವುದಿಲ್ಲ, ಯಾವುದನ್ನೂ ತಿರಸ್ಕರಿಸುವುದಿಲ್ಲ. ಆದರೆ ಅದಕ್ಕೆ ತಾನು ಕಂಡುದರ ಅರಿವೂ ಇಲ್ಲ. ನಿರ್ಣಯವಿಲ್ಲದ ನೋಟವೇ ಶ್ರೇಷ್ಠವೆಂದಾಗಿದ್ದರೆ ಕಲ್ಲುಗೋಡೆಯೇ ಪರಮಜ್ಞಾನಿಯಾಗಬೇಕಾಗಿತ್ತು. ದೀಪವು ನಿರ್ಲಿಪ್ತವಾಗಿರಲಿ, ಅದರ ಬೆಳಕಿನಲ್ಲಿ ಬುದ್ಧಿ ತನ್ನ ಕೆಲಸವನ್ನು ಮಾಡಲೇಬೇಕು. ಬುದ್ಧಿಯ ಕೆಲಸ ವಿವೇಚನೆ.

ಆ ವಿವೇಚನೆಗೆ ಬರುವ ಅಪಾಯವನ್ನು ನಮ್ಮ ಬೀರುವಿನ ಒಂದು ಚಿತ್ರವೇ ನನಗೆ ಕಲಿಸಿತು. ಪುಟ್ಟಣ್ಣ ಕಣಗಾಲರ ‘ಮಾನಸ ಸರೋವರ’ (1982) ಸಂಡೂರಿನ ಪರಿಸರದಲ್ಲಿ ಚಿತ್ರಿತವಾದುದು. ಶ್ರೀನಾಥರು ಅಭಿನಯಿಸಿದ ಮನೋವೈದ್ಯನು ಬುದ್ಧಿಭ್ರಮಣೆಯಾದ ತರುಣಿಯೊಬ್ಬಳನ್ನು ಗುಣಪಡಿಸುತ್ತಾನೆ, ಗುಣವಾದವಳಲ್ಲಿ ಅನುರಕ್ತನಾಗುತ್ತಾನೆ, ಅವಳ ಮನಸ್ಸು ಬೇರೊಬ್ಬನಲ್ಲಿ ನೆಟ್ಟಿರುವುದನ್ನು ತಿಳಿದು ಕೊನೆಗೆ ತಾನೇ ಹುಚ್ಚನಾಗುತ್ತಾನೆ. ಪರರ ಚಿತ್ತವನ್ನು ಪರೀಕ್ಷಿಸಲು ಕುಳಿತ ಸಾಕ್ಷಿಯು ಭೋಕ್ತೃವಾಗಿ ಇಳಿದುಬಂದುದೇ ಅವನ ದುರಂತ. ಮೊದಲ ಸಲ ನೋಡಿದಾಗ ನಾನು ಇದನ್ನು ವಿಫಲ ಪ್ರಣಯದ ಕಥೆಯೆಂದು ಬರೆದಿದ್ದೆ. ಈಗ ನೋಡಿದರೆ, ಪರೀಕ್ಷಕನ ಸ್ಥಾನದಲ್ಲಿ ಕುಳಿತ ಪ್ರತಿಯೊಬ್ಬನ ಕಥೆಯೂ ಇದೆಂದು ಎನಿಸುತ್ತದೆ. ವೈದ್ಯನು ಕರುಣೆಯನ್ನು ಬಿಟ್ಟಿದ್ದರೆ ಆ ತರುಣಿಗೆ ಗುಣವಾಗುತ್ತಿರಲಿಲ್ಲ, ಕರುಣೆಯು ಮಮಕಾರವಾದೊಡನೆ ಅವನಿಗೇ ಉಳಿಗಾಲವಿರಲಿಲ್ಲ. ಕನ್ನಡದಲ್ಲಿ ಇಷ್ಟು ಕಠಿನವಾದ ವಿಷಯವನ್ನು ಇಷ್ಟು ಜನಪ್ರಿಯವಾಗಿ ಹೇಳಿದ ಚಿತ್ರಗಳು ವಿರಳ.

ಇನ್ನೊಂದು ವಿಘ್ನವೂ ಉಂಟು. ಅಭಿನವಗುಪ್ತನು ರಸಾನುಭವಕ್ಕೆ ಒದಗುವ ಏಳು ವಿಘ್ನಗಳನ್ನು ಗಣಿಸುವಾಗ, ಕಾಣುತ್ತಿರುವುದನ್ನು ತನ್ನದೆಂದೋ ಪರರದೆಂದೋ ಭಾವಿಸಿ ದೇಶಕಾಲಗಳಿಗೆ ಕಟ್ಟಿಹಾಕುವುದನ್ನು ಒಂದಾಗಿ ಹೇಳಿದ್ದಾನೆ. ನಮ್ಮ ಸೀಮೆಯವರಿಗೆ ಇದು ನಿತ್ಯದ ವಿಘ್ನ. ರಾಜ್‌ಕುಮಾರ್ ಅಭಿನಯಿಸಿದ ‘ಶ್ರೀ ಕೃಷ್ಣದೇವರಾಯ’ (1970) ನೋಡುತ್ತಿರುವಾಗ ಇದು ನಮ್ಮ ಅರಸನ ಕಥೆ ಎಂಬ ಅಭಿಮಾನವು ಉಕ್ಕಿಬಂದು, ಬಿ. ಆರ್. ಪಂತುಲು ಅವರ ನಿರ್ದೇಶನದ ತೂಕವನ್ನು ನೋಡಗೊಡುವುದಿಲ್ಲ. ಕಂಪ್ಲಿಯ ಪ್ರಾಂತದಲ್ಲಿ ಹುಟ್ಟಿದವನು ‘ಗಂಡುಗಲಿ ಕುಮಾರರಾಮ’ವನ್ನು (2006) ತಟಸ್ಥನಾಗಿ ನೋಡುವುದು ಇನ್ನೂ ಕಷ್ಟ. ಮಹಮ್ಮದ್ ಬಿನ್ ತುಘಲಕನ ಸೈನ್ಯದೆದುರು ಕಂಪಿಲಿಯ ರಾಜ್ಯ 1327ರಲ್ಲಿ ಅಳಿಯಿತು. ಮಲತಾಯಿಯ ಆಸೆಗೆ ಒಪ್ಪದೆ ಮಿಥ್ಯಾಪವಾದವನ್ನು ಹೊತ್ತ, ಪರನಾರೀಸಹೋದರನೆನಿಸಿದ ಆ ರಾಜಕುಮಾರನು ಇಲ್ಲಿಯ ಜನರಿಗೆ ಚರಿತ್ರೆಯ ಪಾತ್ರವಲ್ಲ, ಮನೆಯ ಮಗ. ಚಿತ್ರ ಕೃಶವಾದ ಕಡೆಗಳಲ್ಲಿ ನಮ್ಮ ಪ್ರೀತಿಯೇ ಅದನ್ನು ತುಂಬಿಬಿಡುತ್ತದೆ. ಆದುದರಿಂದ ಅದರ ಮೇಲೆ ಬರೆದ ಪುಟದಲ್ಲಿ ನಾನು ಎರಡು ಭಾಗ ಮಾಡಿದೆ: ಚಿತ್ರ ಕೊಟ್ಟುದು ಇಷ್ಟು, ನಾನು ಒಯ್ದುದು ಇಷ್ಟು. ವಿಮರ್ಶಕನು ತನ್ನ ರಾಗದ್ವೇಷಗಳನ್ನು ನಿರ್ಮೂಲ ಮಾಡಬೇಕೆಂದು ಹೇಳುವ ಧೈರ್ಯ ನನಗಿಲ್ಲ; ಅವನ್ನು ಬೇರೆಯಾಗಿ ಬರೆದಿಡಬೇಕೆಂದು ಮಾತ್ರ ನಿಸ್ಸಂದೇಹವಾಗಿ ಹೇಳಬಲ್ಲೆ.

ಪಂಚದಶಿಯ ಹದಿನೈದು ಪ್ರಕರಣಗಳು ಮೂರು ಪಂಚಕಗಳಾಗಿ ನಿಂತಿರುವ ಕ್ರಮವೂ ಇದಕ್ಕೆ ಬೆಂಬಲವಾಗಿದೆ. ಮೊದಲ ಐದು ವಿವೇಕಗಳು, ನಡುವಿನ ಐದು ದೀಪಗಳು, ಕೊನೆಯ ಐದು ಆನಂದಗಳು. ಬೇರ್ಪಡಿಸಿ ನೋಡುವುದು ಮೊದಲು, ಬೆಳಕು ಆಮೇಲೆ, ಆನಂದ ಎಲ್ಲದಕ್ಕೂ ಕೊನೆಯಲ್ಲಿ. ವಿಮರ್ಶೆ ಮಾಡಿದರೆ ಆನಂದ ಕೆಡುತ್ತದೆ, ಸುಮ್ಮನೆ ನೋಡಿ ಸಂತೋಷಪಡಬಾರದೇ ಎನ್ನುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ನನ್ನ ಅನುಭವದಲ್ಲಿ, ಒಂದು ಪುಟ ಬರೆದು ಮುಗಿಸಿದ ಮೇಲೆಯೇ ಚಿತ್ರವು ನನ್ನನ್ನು ಬಿಟ್ಟುಕೊಟ್ಟಿದೆ; ನಾನೂ ಅದನ್ನು ಕೊಸರಿಲ್ಲದೆ, ಬೇಕೆಂದು ಕೇಳಿದವರ ಕೈಗೆ ಬಿಟ್ಟುಕೊಟ್ಟಿದ್ದೇನೆ.

ಅಕ್ಕನ ಮಗನಿಗೆ ಕೊಡಬೇಕಾದ ಉತ್ತರವೂ ಇಲ್ಲಿಯೇ ಇದೆ. ಚಿತ್ರವೊಂದು ಅನೇಕ ಜನರ ಶ್ರಮದ ಫಲ; ಅದನ್ನು ಕೊಂಡು ಮನೆಗೆ ತಂದವನ ಮೇಲೆ ಹಣ ಕೊಟ್ಟ ಮಾತ್ರಕ್ಕೆ ತೀರದ ಋಣವೊಂದು ಉಳಿಯುತ್ತದೆ. ಅವಧಾನವಿಟ್ಟು ನೋಡಿ, ಕಂಡುದನ್ನು ಸುಳ್ಳಿಲ್ಲದೆ ಬರೆದಿಟ್ಟರೆ ಆ ಋಣ ಸಂದಂತೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಇಂದು ಎಲ್ಲಿಯೂ ದೊರೆಯದು, ಅದನ್ನು ಕಂಡವರ ಬರಹದಿಂದ ಮಾತ್ರ ನಾವು ಅದನ್ನು ಊಹಿಸಿಕೊಳ್ಳಬೇಕಾಗಿದೆ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟು ಸೀಡಿಗಳ ಪೆಟ್ಟಿಗೆಗಳನ್ನು ಇಟ್ಟುಕೊಂಡಿರುವವರು ಅವನ್ನು ಗುಜರಿಗೆ ಹಾಕುವ ಮೊದಲು ಒಂದೊಂದನ್ನೂ ಕೊನೆಯವರೆಗೆ ನೋಡಿ, ಒಂದು ಪುಟವನ್ನಾದರೂ ಬರೆದು, ತಾರೀಖು ಹಾಕಿ ಇಡಬೇಕೆಂದು ಪ್ರಾರ್ಥಿಸುತ್ತೇನೆ.